ಜಪಾನಿಗರ ‘ಹಾಯ್’ ಎಂದರೆ ಯಾವಾಗಲೂ ‘ಹೌದು’ ಎಂದೇ?

ಜಪಾನೀ ಭಾಷೆ ಕಲಿಯುವವರು ಮೊದಲ ದಿನವೇ ಬರೆದುಕೊಳ್ಳುವುದು: ‘ಹಾಯ್’ ಎಂದರೆ ಹೌದು, ‘ಈಯೆ’ ಎಂದರೆ ಅಲ್ಲ. ಇದು ಅರ್ಧ ಸತ್ಯ ಮಾತ್ರ.

ನೀವು ಮಾತನಾಡುವಾಗ ಎದುರಿನವರು ನಡುನಡುವೆ ‘ಹಾಯ್, ಹಾಯ್’ ಎಂದರೆ ನಿಮ್ಮ ಮಾತು ಒಪ್ಪಿದರೆಂದಲ್ಲ, ಕೇಳಿಸಿಕೊಳ್ಳುತ್ತಿದ್ದಾರೆಂದು. ಕಥೆ ಕೇಳುತ್ತಾ ನಾವು ‘ಹೂಂ’ಗುಟ್ಟುವುದಿಲ್ಲವೇ, ಹಾಗೆ. ಅಲ್ಲಿ ಇದಕ್ಕೆ ‘ಐಝುಚಿ’ ಎನ್ನುತ್ತಾರೆ. ಕುಲುಮೆಯಲ್ಲಿ ಕಮ್ಮಾರ ಮತ್ತು ಸಹಾಯಕ ಒಬ್ಬರಾದ ಮೇಲೊಬ್ಬರು ಸುತ್ತಿಗೆ ಬಡಿಯುವುದರಿಂದ ಬಂದ ಪದ. ಇದನ್ನೇ ಒಪ್ಪಿಗೆಯೆಂದು ನಂಬಿ ವ್ಯವಹಾರ ಕುದುರಿತೆಂದುಕೊಂಡರೆ ಪೆಟ್ಟು ನಮಗೇ.

‘ನೀವು ಮಾಂಸ ತಿನ್ನುವುದಿಲ್ಲವೇ?’ ಎಂದು ಕೇಳಿದಾಗ ‘ಹಾಯ್’ ಎಂದರೆ ‘ಹೌದು, ತಿನ್ನುವುದಿಲ್ಲ’ ಎಂದರ್ಥ. ಇಂಗ್ಲಿಷಿನ ‘ನೋ’ ನೆನೆದು ‘ಈಯೆ’ ಎಂದಿರೋ, ತಟ್ಟೆಗೆ ಮಾಂಸವೇ ಬಂದೀತು! ಇಲ್ಲಿ ಕನ್ನಡದಲ್ಲೇ ಯೋಚಿಸಿ, ಉತ್ತರ ತಪ್ಪುವುದಿಲ್ಲ.