ಡ್ರೋನ್ ಚಾಲಕರ ಪರೀಕ್ಷೆಗೆ ಸಿದ್ಧತೆ

ಭತ್ತ, ತೊಗರಿ, ಹತ್ತಿ, ಕಬ್ಬು ಮುಂತಾದ ಬೆಳೆಗಳಿಗೆ ಡ್ರೋನ್ ಮೂಲಕ ಔಷಧಿ ಸಿಂಪಡಿಸುವ ಪದ್ಧತಿ ನಮ್ಮ ಹಳ್ಳಿಗಳಿಗೂ ಬಂದಿದೆ. ಹಿಂದೆ ಬೆನ್ನಿಗೆ ಸಿಂಪರಣಾ ಯಂತ್ರ ಕಟ್ಟಿಕೊಂಡು ಕೆಸರು ಗದ್ದೆಯಲ್ಲಿ ನಡೆಯಬೇಕಾಗಿತ್ತು. ಆಳೆತ್ತರ ಬೆಳೆದ ಕಬ್ಬಿನೊಳಗೆ ನುಗ್ಗುವುದಂತೂ ಸಾಧ್ಯವೇ ಇರಲಿಲ್ಲ. ಆಳುಗಳು ಸಿಗದ ಈ ಕಾಲದಲ್ಲಿ ಬಾಡಿಗೆಗೆ ಸಿಂಪರಣೆ ಮಾಡಿಕೊಡುವುದು ಗ್ರಾಮೀಣ ಯುವಕ ಯುವತಿಯರಿಗೆ ಒಳ್ಳೆಯ ಉದ್ಯೋಗವೂ ಆಗಿದೆ. ಆದರೆ ಈ ಕೆಲಸಕ್ಕೆ ಚಾಲಕರ ಪ್ರಮಾಣ ಪತ್ರ ಬೇಕು. ಅದನ್ನು ಪಡೆಯಲು ತರಬೇತಿ ಹೊಂದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಈ ಪರೀಕ್ಷೆ ಕೇವಲ ಕೈಚಳಕದ್ದು ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಡ್ರೋನನ್ನು ಮೇಲಕ್ಕೆ ಏರಿಸುವುದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಯಾವಾಗ ಏರಿಸಬಾರದು ಎಂಬ ತಿಳುವಳಿಕೆಯೇ ಚಾಲಕನಿಗೆ ಮುಖ್ಯವಾದುದು. ಪರೀಕ್ಷೆಯ ಸಿದ್ಧತೆಯನ್ನು ಈ ದೃಷ್ಟಿಯಿಂದಲೇ ಮಾಡಿಕೊಳ್ಳಬೇಕು.

ಪ್ರಮಾಣ ಪತ್ರ ಯಾರಿಗೆ ಬೇಕು?

ಭಾರತದಲ್ಲಿ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಪ್ರಕಟವಾದವು. ಇವುಗಳ ಪ್ರಕಾರ ಹೊರೆಯೂ ಸೇರಿದಂತೆ ಒಟ್ಟು ತೂಕವನ್ನು ಅನುಸರಿಸಿ ಡ್ರೋನ್‌ಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ. 250 ಗ್ರಾಂವರೆಗಿನವು ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ, 2ರಿಂದ 25 ಕಿಲೊವರೆಗೆ ಸಣ್ಣ, 25ರಿಂದ 150 ಕಿಲೊವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟವು ದೊಡ್ಡ ವರ್ಗಕ್ಕೆ ಸೇರುತ್ತವೆ. 10 ಲೀಟರ್ ತೊಟ್ಟಿಯ ಸಿಂಪರಣಾ ಡ್ರೋನ್‌ಗಳು ಸಾಮಾನ್ಯವಾಗಿ ಸಣ್ಣ ವರ್ಗದವು.

ನ್ಯಾನೊ ಡ್ರೋನ್ ಹಾರಿಸಲು ಹಾಗೂ ವ್ಯಾಪಾರದ ಉದ್ದೇಶವಿಲ್ಲದೆ ಮೈಕ್ರೊ ಡ್ರೋನ್ ಹಾರಿಸಲು ಪ್ರಮಾಣ ಪತ್ರ ಬೇಕಿಲ್ಲ. ಉಳಿದವಕ್ಕೆ ಬೇಕು. ಸ್ವಂತ ಹೊಲದ ಮೇಲೆ ಸ್ವಂತ ಡ್ರೋನ್ ಹಾರಿಸುವ ರೈತನಿಗೂ ಸಿಂಪರಣಾ ಡ್ರೋನ್ ವಿಷಯದಲ್ಲಿ ವಿನಾಯಿತಿ ಇಲ್ಲ. ನಿಯಮ ಮೀರಿದವರಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

ತರಬೇತಿಗೆ ಸೇರುವ ಮುನ್ನ

ಅಭ್ಯರ್ಥಿಯ ವಯಸ್ಸು 18ರಿಂದ 65 ವರ್ಷದ ಒಳಗಿರಬೇಕು. ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಮೊದಲು ಪಾಸ್‌ಪೋರ್ಟ್ ಕೇಳಲಾಗುತ್ತಿತ್ತು. ಇದು ಹಳ್ಳಿಯವರಿಗೆ ತೊಡಕಾಗಿತ್ತು. 2023ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ ಅಥವಾ ವಾಹನ ಚಾಲನಾ ಪರವಾನಗಿ ಇದ್ದರೆ ಸಾಕಾಗುತ್ತದೆ.

2022ರ ಫೆಬ್ರವರಿಯಿಂದ ಪ್ರಮಾಣ ಪತ್ರವನ್ನು ತರಬೇತಿ ಸಂಸ್ಥೆಯೇ ನೀಡುತ್ತದೆ. ಆದ್ದರಿಂದ ಆ ಸಂಸ್ಥೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಬೇಕು. ಮಾನ್ಯತೆ ಇಲ್ಲದ ಕಡೆ ಕಲಿತರೆ ಹಣವೂ ಹೋಗುತ್ತದೆ, ಪ್ರಮಾಣ ಪತ್ರವೂ ಸಿಗುವುದಿಲ್ಲ. ಯಾವ ವರ್ಗದ ತರಬೇತಿ ಎಂಬುದನ್ನೂ ಕೇಳಿ ತಿಳಿಯಬೇಕು. ಮೈಕ್ರೊ ವರ್ಗದ ಪ್ರಮಾಣ ಪತ್ರದಿಂದ ಸಣ್ಣ ವರ್ಗದ ಸಿಂಪರಣಾ ಡ್ರೋನ್ ಹಾರಿಸುವಂತಿಲ್ಲ. ಪ್ರಮಾಣ ಪತ್ರದ ಅವಧಿ 10 ವರ್ಷ.

ಮಹಿಳಾ ಸ್ವಸಹಾಯ ಸಂಘಗಳಿಗಾಗಿ 2023ರಲ್ಲಿ ರೂಪಿಸಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15 ದಿನಗಳ ತರಬೇತಿ ಗೊತ್ತುಮಾಡಲಾಯಿತು. ಇದರಲ್ಲಿ 5 ದಿನ ಚಾಲಕರ ತರಬೇತಿಗೆ, 10 ದಿನ ಪೋಷಕಾಂಶ ಮತ್ತು ಪೀಡೆನಾಶಕಗಳ ಸಿಂಪರಣೆಗೆ ಮೀಸಲು. ಹಾರಿಸುವುದಕ್ಕಿಂತ ಸಿಂಪರಣೆಯ ಕಲಿಕೆಗೆ ಇಮ್ಮಡಿ ಕಾಲ ಕೊಟ್ಟಿರುವುದನ್ನು ಗಮನಿಸಬೇಕು. ಬೇರೆಡೆ ಕಲಿಯುವವರೂ ಚಾಲಕರ ತರಬೇತಿಯಷ್ಟಕ್ಕೇ ತೃಪ್ತರಾಗಬಾರದು.

ಓದಿಕೊಳ್ಳಬೇಕಾದ ವಿಷಯಗಳು

ವಾಯುಪ್ರದೇಶ: ದೇಶದ ವಾಯುಪ್ರದೇಶವನ್ನು ನಕ್ಷೆಯಲ್ಲಿ ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿ, ಎಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಅನುಮತಿ ಇಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೊಮೀಟರ್ ದೂರದಲ್ಲಿ ಈ ಮಿತಿ 200 ಅಡಿ ಮಾತ್ರ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣದವರ ಅನುಮತಿ, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಬೆಳೆಯ ಮೇಲೆ 3 ಮೀಟರ್ ಎತ್ತರದಲ್ಲಷ್ಟೇ ಹಾರಿಸುತ್ತೇವೆ, ನಮಗೇಕೆ ನಕ್ಷೆ ಎನ್ನುವಂತಿಲ್ಲ. ಉದಾಹರಣೆಗೆ, ದೇವನಹಳ್ಳಿ ಸುತ್ತಿನ ದ್ರಾಕ್ಷಿ ತೋಟಗಳು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿವೆ. ಅಂಥ ಕಡೆ ನಕ್ಷೆ ನೋಡದೆ ಡ್ರೋನ್ ಹೊರಗೆ ತೆಗೆಯಲೇಬಾರದು.

ಬ್ಯಾಟರಿ: ಈ ಡ್ರೋನ್‌ಗಳಲ್ಲಿ ಹೆಚ್ಚಾಗಿ ಲಿಥಿಯಂ ಪಾಲಿಮರ್ ಬ್ಯಾಟರಿ ಇರುತ್ತದೆ. ಒಂದೊಂದು ಕೋಶ ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ. 12 ಕೋಶಗಳ ಬ್ಯಾಟರಿಯಾದರೆ 50.4 ವೋಲ್ಟ್. ಉಬ್ಬಿದ ಬ್ಯಾಟರಿಯನ್ನು ಬಳಸಬಾರದು. ಬಿಸಿ ಆರದ ಬ್ಯಾಟರಿಗೆ ವಿದ್ಯುತ್ ತುಂಬಬಾರದು. ತುಂಬುವಾಗ ಬಿಟ್ಟು ಹೋಗಬಾರದು. ಬೆಂಕಿ ಹತ್ತುವ ಅಪಾಯವಿದೆ.

ಹವಾಮಾನ: ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್ ಮೀರಿದರೆ ಸಿಂಪರಣೆ ಮಾಡಬಾರದು. ಎಲೆಗಳ ಜೊತೆ ಸಣ್ಣ ರೆಂಬೆಗಳೂ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ಈ ಮಿತಿಯನ್ನು ದಾಟಿದೆ ಎಂದು ತಿಳಿಯಬಹುದು. ಗಾಳಿ ಪೂರ್ತಿ ನಿಂತಿರುವ ಮುಂಜಾನೆಯೂ ಒಳ್ಳೆಯದಲ್ಲ. ಆಗ ನೆಲದ ಬಳಿ ತಂಪು ಗಾಳಿ ಕಟ್ಟಿಕೊಂಡಿರುತ್ತದೆ. ಸಣ್ಣ ಹನಿಗಳು ಕೆಳಗೆ ಬೀಳದೆ ತೇಲುತ್ತಾ ದೂರ ಹೋಗುತ್ತವೆ.

ಸಿಂಪರಣೆಯ ಲೆಕ್ಕ

ಡ್ರೋನ್ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಸಾಗುತ್ತಾ 4 ಮೀಟರ್ ಅಗಲಕ್ಕೆ ಸಿಂಪಡಿಸುತ್ತದೆ ಎಂದುಕೊಳ್ಳೋಣ. ಆಗ ಸೆಕೆಂಡಿಗೆ 16 ಚದರ ಮೀಟರ್ ಆಗುತ್ತದೆ. ಎಕರೆಗೆ 4,047 ಚದರ ಮೀಟರ್. ಆದ್ದರಿಂದ ತಿರುವುಗಳನ್ನು ಬಿಟ್ಟು ಸುಮಾರು 253 ಸೆಕೆಂಡು, ಎಂದರೆ 4.2 ನಿಮಿಷ ಬೇಕು. ಈ ಅವಧಿಯಲ್ಲಿ 10 ಲೀಟರ್ ಸುರಿಯಬೇಕಾದರೆ ಮೂತಿಗಳೆಲ್ಲ ಸೇರಿ ನಿಮಿಷಕ್ಕೆ ಸುಮಾರು 2.4 ಲೀಟರ್ ಹೊರಬಿಡಬೇಕು.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಕೈ ಪಂಪಿನಿಂದ ಎಕರೆಗೆ 200 ಲೀಟರ್ ದ್ರಾವಣ ಸಿಂಪಡಿಸುವ ಕಡೆ ಡ್ರೋನ್‌ನಿಂದ 10 ಲೀಟರ್ ಮಾತ್ರ ಸಿಂಪಡಿಸಲಾಗುತ್ತದೆ. ಎಕರೆಗೆ ಬೇಕಾದ ಔಷಧಿಯ ಪ್ರಮಾಣ ಅಷ್ಟೇ ಇದ್ದರೆ ದ್ರಾವಣ 20 ಪಟ್ಟು ಗಟ್ಟಿಯಾಗಿರುತ್ತದೆ. ಗಾಳಿಗೆ ಹಾರಿ ಹೋಗುವ ಪ್ರತಿ ಹನಿಯೂ ಅಷ್ಟೇ ಪಟ್ಟು ತೀಕ್ಷ್ಣ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ ಕಡೆ ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇರುವುದು ಸಾಮಾನ್ಯ. ಕೀಟನಾಶಕ ತಗುಲಿದ ಸೊಪ್ಪನ್ನು ತಿಂದರೆ ರೇಷ್ಮೆ ಹುಳುಗಳು ಸಾಯುತ್ತವೆ. ಸೊಪ್ಪನ್ನು ನೋಡಿದರೆ ವ್ಯತ್ಯಾಸವೇನೂ ಕಾಣುವುದಿಲ್ಲ. ಚಾಲಕನ ಹತ್ತು ನಿಮಿಷದ ಅವಸರದಿಂದ ನೆರೆಯವನ ಒಂದು ಬೆಳೆಯ ಗೂಡು ಕೈತಪ್ಪಬಹುದು.

ಹಾರಾಟದ ಅಭ್ಯಾಸ

ತರಬೇತಿಯಲ್ಲಿ ಮೊದಲು ಗಣಕಯಂತ್ರದ ಮೇಲೆ, ಅನಂತರ ಬಯಲಿನಲ್ಲಿ ಅಭ್ಯಾಸ ಮಾಡಿಸಲಾಗುತ್ತದೆ. ಏರಿಸುವುದು, ಒಂದೇ ಕಡೆ ನಿಲ್ಲಿಸುವುದು, ಚೌಕಾಕಾರದಲ್ಲಿ ಮತ್ತು ಎಂಟರ ಆಕಾರದಲ್ಲಿ ನಡೆಸುವುದು, ಗೊತ್ತಾದ ಜಾಗದಲ್ಲಿ ಇಳಿಸುವುದು ಇವುಗಳಲ್ಲಿ ಮುಖ್ಯವಾದವು. ಡ್ರೋನ್‌ನ ಮೂತಿ ಚಾಲಕನ ಕಡೆ ತಿರುಗಿದಾಗ ಎಡ ಬಲಗಳು ಅದಲು ಬದಲಾಗುತ್ತವೆ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಇದನ್ನು ಗಣಕಯಂತ್ರದ ಮೇಲೆ ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಬೇಕು.

ಸಂಪರ್ಕ ಕಡಿದಾಗ ಡ್ರೋನ್ ತಾನಾಗಿ ಹೊರಟ ಜಾಗಕ್ಕೆ ಮರಳುವ ವ್ಯವಸ್ಥೆ ಇರುತ್ತದೆ. ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ತೆಂಗಿನ ಮರ ಹಾಗೂ ವಿದ್ಯುತ್ ತಂತಿಗಿಂತ ಮೇಲೆ ಇಡಬೇಕು. ಇದನ್ನು ಹೊಲದಲ್ಲಿ ನಿಂತು, ಕಣ್ಣಾರೆ ನೋಡಿ ನಿರ್ಧರಿಸಬೇಕು.

ಪರೀಕ್ಷೆಯಲ್ಲೂ ಹೊಲದಲ್ಲೂ ನೆನಪಿಡಬೇಕಾದವು

1. ಮೊದಲು ಬರೀ ನೀರು ತುಂಬಿ ಹಾರಿಸಿ, ಯಂತ್ರ ಮತ್ತು ಮೂತಿಗಳನ್ನು ಪರೀಕ್ಷಿಸಬೇಕು.
2. ಇಬ್ಬರಿಗೆ ಕಡಿಮೆ ಇಲ್ಲದಂತೆ ಕೆಲಸ ಮಾಡಬೇಕು. ಗಾಳಿ ಬೀಸಿ ಬರುವ ಕಡೆ ನಿಲ್ಲಬೇಕು.
3. ಹೂ ಬಿಟ್ಟ ಬೆಳೆಯಲ್ಲಿ ಜೇನುನೊಣಗಳು ಓಡಾಡುವ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಬಾರದು.
4. ಅಕ್ಕಪಕ್ಕದ ರೈತರಿಗೆ ಮುಂಚಿತವಾಗಿ ತಿಳಿಸಬೇಕು.
5. ಡ್ರೋನ್ ಸದಾ ಕಣ್ಣಿಗೆ ಕಾಣುವಂತಿರಬೇಕು.
6. ಡ್ರೋನ್‌ನ ನೋಂದಣಿ ಮತ್ತು ವಿಮೆಯ ಕಾಗದಗಳು ಸರಿಯಾಗಿರಬೇಕು.

ಬಾಡಿಗೆಗೆ ಕರೆದವರು ಕಾಯುತ್ತಿರುತ್ತಾರೆ. ಔಷಧಿ ಬೆರೆಸಿ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಗಾಳಿ ಎದ್ದರೆ "ಇವತ್ತು ಬೇಡ" ಎಂದು ಹೇಳುವುದು ಸುಲಭವಲ್ಲ. ಆದ್ದರಿಂದ ಬೆರೆಸುವ ಮೊದಲೇ ಗಾಳಿಯನ್ನು ನೋಡುವುದು ಉತ್ತಮ. ಹೀಗೆ ಹೇಳಬಲ್ಲ ಚಾಲಕನನ್ನೇ ರೈತರು ಮತ್ತೆ ಕರೆಯುತ್ತಾರೆ. ತರಬೇತಿಗೆ ಸೇರಬಯಸುವವರು ಹೆಚ್ಚಿನ ವಿವರಗಳಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.