ಪರದೇಶಕ್ಕೆ ಹೊರಡುವ ಮುನ್ನ ಕಾಗದಪತ್ರ ಗಟ್ಟಿ ಮಾಡಿಕೊಳ್ಳಿ



ತುಬಚಿಯಂಥ ಕೃಷ್ಣಾ ದಂಡೆಯ ಊರಿನವರಿಗೆ ಕಾಗದಪತ್ರದ ಬೆಲೆಯನ್ನು ಹೊಸದಾಗಿ ಹೇಳಬೇಕಿಲ್ಲ. 2019ರ ಆಗಸ್ಟಿನಂಥ ಪ್ರವಾಹದಲ್ಲಿ ಉತಾರ, ಪಾಸ್‌ಬುಕ್ಕು ನೆನೆದುಹೋದರೆ ಸ್ವಂತ ತಾಲೂಕಿನಲ್ಲೇ ಎಷ್ಟು ಅಲೆಯಬೇಕೆಂಬುದು ನಿಮಗೆ ಗೊತ್ತು. ಪರದೇಶದಲ್ಲಿ ಕಾಗದ ಕಳೆದರೆ ಪಾಡೇನು? ನಿಮ್ಮ ಮನೆಯ ಹುಡುಗರು ದುಬೈಗೋ ಸೌದಿಗೋ ದುಡಿಯಲು ಹೊರಟಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೈನ್ಯಕ್ಕೂ ಅರೆಸೇನಾಪಡೆಗೂ ಕಾಳಗ ಹತ್ತಿತು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ, ಜೆಡ್ಡಾ ಮಾರ್ಗವಾಗಿ ಭಾರತೀಯರನ್ನು ಕರೆತಂದಿತು. ಯಾರು ಎಲ್ಲಿದ್ದಾರೆಂದು ರಾಯಭಾರ ಕಚೇರಿಗೆ ಗೊತ್ತಿದ್ದರೆ ಇಂಥ ಹೊತ್ತಿನಲ್ಲಿ ನೆರವು ಬೇಗ ಮುಟ್ಟುತ್ತದೆ. ಆದ್ದರಿಂದ ಅಲ್ಲಿಗೆ ಹೋದೊಡನೆ ಹೆಸರು, ವಿಳಾಸ, ಫೋನ್ ನಂಬರನ್ನು ಆ ಕಚೇರಿಗೆ ತಿಳಿಸತಕ್ಕದ್ದು.

ಪಾಸ್‌ಪೋರ್ಟ್: ಹೆಸರು, ಅಡ್ಡಹೆಸರು, ಜನ್ಮತಾರೀಖು ಆಧಾರ್ ಮತ್ತು ಶಾಲೆಯ ದಾಖಲೆಯಲ್ಲಿ ಒಂದೇ ರೀತಿ ಇರಲಿ. ವ್ಯತ್ಯಾಸವಿದ್ದರೆ ಅರ್ಜಿಗೆ ಮೊದಲೇ ತಿದ್ದಿಸಿ. ಪ್ರಯಾಣದ ದಿನಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇಸಿಆರ್' ಎಂದಿರುತ್ತದೆ. ಇಂಥವರು ಕೊಲ್ಲಿ ರಾಷ್ಟ್ರಗಳೂ ಸೂಡಾನೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಇವರಿಗೆ ಪ್ರವಾಸಿ ಭಾರತೀಯ ವಿಮೆಯೂ ಕಡ್ಡಾಯ. ಅಪಘಾತದಲ್ಲಿ ಸಾವು ಸಂಭವಿಸಿದರೆ ಇದರಿಂದ ಮನೆಯವರಿಗೆ 10 ಲಕ್ಷ ರೂ. ದೊರೆಯುತ್ತದೆ.

ಏಜೆಂಟ್: ಬಿತ್ತುವ ಮುನ್ನ ಬೀಜದ ಚೀಲದ ಮೇಲಿನ ಚೀಟಿ ನೋಡುವಿರಲ್ಲವೇ? ಹಾಗೆಯೇ ಏಜೆಂಟನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಆತ ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30,000 ರೂ. ಮತ್ತು ತೆರಿಗೆ. ರಸೀದಿ ಪಡೆಯಿರಿ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಸುರಿಯಬೇಡಿ. "ಸಂದರ್ಶಕರ ವೀಸಾದಲ್ಲಿ ಹೋಗು, ಕೆಲಸ ಆಮೇಲೆ" ಎನ್ನುವವನನ್ನು ನಂಬಲೇಬೇಡಿ. ಆ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಸಂಬಳ, ಕೆಲಸ, ವಸತಿ ಬರೆದಿರುವ ಕರಾರುಪತ್ರವನ್ನು ತಿಳಿದವರಿಂದ ಓದಿಸಿಕೊಂಡೇ ಸಹಿ ಮಾಡಿ.

ಗಂಟುಮೂಟೆ: ರೊಟ್ಟಿ, ಶೇಂಗಾ ಹಿಂಡಿ ಕಟ್ಟುವಾಗ ಗಸಗಸೆ ಸೇರಿಸಬೇಡಿ. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವೆಂದು ನಿಷೇಧಿತ, ಜೈಲಾದೀತು. ಮಾತ್ರೆಗಳೊಂದಿಗೆ ಡಾಕ್ಟರ ಚೀಟಿ ಇರಲಿ. ಯಾರೇ ಕೊಟ್ಟರೂ ಕಟ್ಟಿದ ಗಂಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಆಫ್ರಿಕಾದ ಅನೇಕ ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಒಯ್ಯಬೇಕು.

ಮನೆಯಲ್ಲಿ: ಪಾಸ್‌ಪೋರ್ಟ್, ವೀಸಾ, ಕರಾರುಪತ್ರ, ವಿಮೆ ಇವುಗಳ ನಕಲು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರು ಮುಟ್ಟದ ಎತ್ತರದಲ್ಲಿಡಿ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಊರಿಗೆ ಮರಳಲು ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ. ಆಗ ಈ ನಕಲು ಕೈಹಿಡಿಯುತ್ತದೆ. ವಾರಕ್ಕೊಮ್ಮೆ ಫೋನ್ ಮಾಡುವ ದಿನ ಗೊತ್ತುಮಾಡಿಕೊಳ್ಳಿ. ಆ ದಿನ ಕರೆ ಬಾರದಿದ್ದರೆ ತಡಮಾಡದೆ ವಿಚಾರಿಸಿ.