ಪ್ರೌಢಶಾಲಾ ಬಾಲಕಿಯರ ಆಟ ಸಂಜೆಯ ಬಸ್ಸಿಗೇ ಏಕೆ ನಿಲ್ಲುತ್ತದೆ?

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಎಂಟನೇ ತರಗತಿಯಲ್ಲಿ ಉತ್ಸಾಹದಿಂದ ತಂಡ ಸೇರುವ ಬಾಲಕಿಯರಲ್ಲಿ ಹಲವರು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮೈದಾನದಿಂದ ದೂರವಾಗಿರುತ್ತಾರೆ. ಹೆಣ್ಣುಮಕ್ಕಳಿಗೆ ಆಸಕ್ತಿ ಕಡಿಮೆ, ಮೊಬೈಲ್ ಹೆಚ್ಚಾಯಿತು ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಅದೇ ಮೊಬೈಲ್ ಬಾಲಕರ ಕೈಯಲ್ಲಿಯೂ ಇರುವುದರಿಂದ ಆ ವಿವರಣೆ ಸಾಲದು.

ಈ ಅಂತರ ಮಲೆನಾಡಿಗೆ ಸೀಮಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 11ರಿಂದ 17 ವರ್ಷದೊಳಗಿನ ಬಾಲಕಿಯರಲ್ಲಿ ಶೇ. 85ರಷ್ಟು ಮಂದಿಗೆ ದಿನಕ್ಕೆ 60 ನಿಮಿಷಗಳ ದೈಹಿಕ ಚಟುವಟಿಕೆ ದೊರೆಯುತ್ತಿಲ್ಲ. ಬಾಲಕರಲ್ಲಿ ಈ ಪ್ರಮಾಣ ಶೇ. 78. ಆದರೆ ಕಾರಣಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ. ಈ ಮೂರು ತಾಲ್ಲೂಕುಗಳಲ್ಲಿ ಮುಖ್ಯವಾದವು ದಾರಿ, ಮಳೆ ಮತ್ತು ಶೌಚಾಲಯ. ಮೂರೂ ಗ್ರಾಮ ಪಂಚಾಯಿತಿಯ ಸಭೆಗೆ ಬರಬಹುದಾದ ವಿಷಯಗಳು.

ದಾರಿಯ ಮಾತು ಮೊದಲಿಗೆ ಬರಬೇಕು. ಆಟದ ಅಭ್ಯಾಸ ನಡೆಯುವುದು ಶಾಲೆ ಬಿಟ್ಟ ಮೇಲೆ. ಬಯಲುಸೀಮೆಯಲ್ಲಿ ಶಾಲೆಯ ಸುತ್ತಲೇ ಊರಿರುತ್ತದೆ. ಇಲ್ಲಿ ಮನೆಗಳು ತೋಟಗಳ ನಡುವೆ ಒಂಟಿಯಾಗಿ ಚದುರಿವೆ. ಬಸ್ಸಿಳಿದ ಬಳಿಕ ಒಂದೆರಡು ಕಿಲೋಮೀಟರ್ ಕಾಲುದಾರಿ ಉಳಿದಿರುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಬಾಲಕನು ಪರಿಚಿತರ ಬೈಕಿನಲ್ಲಿ ಹೋಗಬಲ್ಲನು, ಬಾಲಕಿ ಹೋಗಲಾರಳು. ಕಾಡಾನೆ ಸಂಚಾರವಿರುವ ಕಡೆಗಳಲ್ಲಿ ಕತ್ತಲಾಗುವ ಮುನ್ನ ಮಗಳು ಮನೆ ಸೇರಲಿ ಎಂದು ಬಯಸುವ ಪೋಷಕರನ್ನು ಹಳೆಯ ಕಾಲದವರೆಂದು ದೂರುವುದು ನ್ಯಾಯವಲ್ಲ.

ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರ ಸಾರಿಗೆಯ ಬಸ್ಸುಗಳು ಮಲೆನಾಡಿನ ಒಳದಾರಿಗಳಲ್ಲಿ ಓಡುತ್ತಿದ್ದವು. ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇತ್ತು. ನಷ್ಟದ ಕಾರಣ 2020ರ ಫೆಬ್ರುವರಿಯಲ್ಲಿ ಅದು ಸ್ಥಗಿತಗೊಂಡಿತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಖಾಸಗಿ ಬಸ್ಸೊಂದೇ ಆಧಾರವಾಗಿರುವ ಮಾರ್ಗದ ವಿದ್ಯಾರ್ಥಿನಿಗೆ ಅದರಿಂದ ಪ್ರಯೋಜನವಿಲ್ಲ. ಹೀಗಾಗಿ ತಂಡದಲ್ಲಿ ಯಾರಿರಬೇಕೆಂಬುದನ್ನು ಎಷ್ಟೋ ಸಲ ದೈಹಿಕ ಶಿಕ್ಷಣ ಶಿಕ್ಷಕರಿಗಿಂತ ಮೊದಲೇ ಬಸ್ಸಿನ ವೇಳಾಪಟ್ಟಿ ತೀರ್ಮಾನಿಸಿರುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಶಾಲೆಯೊಳಗಿನದು: ವಾರದ ಆಟದ ಅವಧಿಗಳನ್ನು ದಿನದ ಕೊನೆಗೆ ಒಟ್ಟುಗೂಡಿಸಿದರೆ ಬಸ್ಸು ಬರುವ ಮುನ್ನವೇ ಅಭ್ಯಾಸ ಮುಗಿಯುತ್ತದೆ. ಇದು ಮುಖ್ಯ ಶಿಕ್ಷಕರೊಂದಿಗೆ ಕುಳಿತು ಮಾತನಾಡಬೇಕಾದ ಸಂಗತಿ. ಹತ್ತನೇ ತರಗತಿಯ ಆಟದ ಅವಧಿ ವಿಶೇಷ ತರಗತಿಯ ಪಾಲಾಗದಂತೆಯೂ ಆಗಲೇ ಕೇಳಿಕೊಳ್ಳಬಹುದು. ಎರಡನೆಯದು ಪಂಚಾಯಿತಿಯದು. ಖಾಸಗಿ ಬಸ್ಸಿನ ಪರವಾನಗಿ ಮತ್ತು ವೇಳಾಪಟ್ಟಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಯಾವ ಮಾರ್ಗ, ಈಗಿನ ಸಮಯವೆಷ್ಟು, ಎಷ್ಟು ನಿಮಿಷ ಮುಂದಕ್ಕೆ ಹೋಗಬೇಕು, ಎಷ್ಟು ವಿದ್ಯಾರ್ಥಿನಿಯರಿಗೆ ಅನುಕೂಲ ಎಂಬುದನ್ನು ಸ್ಪಷ್ಟವಾಗಿ ಬರೆದ ಠರಾವಿಗೆ ಬೆಲೆಯಿದೆ. ‘ಬಸ್ ಸೌಕರ್ಯ ಕಲ್ಪಿಸಿಕೊಡಿ’ ಎಂಬ ಒಂದು ಸಾಲಿನ ಠರಾವು ಕಡತದಲ್ಲಿಯೇ ಉಳಿಯುತ್ತದೆ.

ಮಳೆಯ ವಿಷಯ ಹೀಗಿದೆ. ಜೂನ್ ಆರಂಭದ ಹೊತ್ತಿಗೆ ಶಾಲೆ ತೆರೆಯುತ್ತದೆ. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನಡೆಯುತ್ತವೆ. ಅಂದರೆ ಕಿಗ್ಗ, ಹರಿಹರಪುರ, ಬಾಳೆಹೊನ್ನೂರು ಭಾಗದ ಮಕ್ಕಳಿಗೆ ಅಭ್ಯಾಸದ ಇಡೀ ಅವಧಿಯೇ ಮಳೆಗಾಲ. ಕೆಸರಿನ ಒಂದೇ ಮೈದಾನವಿದ್ದಾಗ ಅದು ಮೊದಲು ಬಾಲಕರ ಪಾಲಾಗುತ್ತದೆ.

ದೊಡ್ಡ ಮೈದಾನವೇ ಬೇಕೆಂದು ಕಾಯುವುದು ಇಲ್ಲಿ ಫಲ ಕೊಡದು. 400 ಮೀಟರ್ ಓಟದ ಪಥಕ್ಕೆ ಸುಮಾರು ನಾಲ್ಕು ಎಕರೆ ಸಮತಟ್ಟು ಭೂಮಿ ಬೇಕು. ಗುಡ್ಡದ ಇಳಿಜಾರಿನಲ್ಲಿ ಅದನ್ನು ಹುಡುಕುವುದು ಕಷ್ಟ. ಮಹಿಳೆಯರ ಕಬಡ್ಡಿ ಅಂಕಣದ ಅಳತೆ 12 ಮೀಟರ್ ಉದ್ದ, 8 ಮೀಟರ್ ಅಗಲ. ಇದು ಒಂದು ಗುಂಟೆಗಿಂತಲೂ ತುಸು ಕಡಿಮೆ. ಸುತ್ತಲೂ 3 ಮೀಟರ್ ಬಿಟ್ಟರೂ ಎರಡೂವರೆ ಗುಂಟೆ ಸಾಕು. ಥ್ರೋಬಾಲ್ ಅಂಕಣಕ್ಕೆ (18.30 x 12.20 ಮೀಟರ್) ಅಷ್ಟೇ ಜಾಗ ಬಿಟ್ಟರೆ ಸುಮಾರು ನಾಲ್ಕೂವರೆ ಗುಂಟೆ ಆಗುತ್ತದೆ.

ಉದ್ಯೋಗ ಖಾತರಿಯ ಕಾಮಗಾರಿಗಳ ಪಟ್ಟಿಯಲ್ಲಿ ಆಟದ ಮೈದಾನವೂ ಇರುವುದು ಸದಸ್ಯರಿಗೆ ತಿಳಿದಿದೆ. ಕೆಲಸ ಕೆಡುವುದು ನೀರಿನ ದಾರಿ ಯೋಚಿಸದಾಗ. ಅಂಕಣದ ನಡುಭಾಗ ಅಂಚಿಗಿಂತ 4 ಸೆಂಟಿಮೀಟರ್ ಎತ್ತರವಿದ್ದರೆ ಎರಡೂ ಬದಿಗೆ ನೀರು ಹರಿದುಹೋಗುತ್ತದೆ. ಗುಡ್ಡದ ಮೇಲ್ಬದಿಗೆ ಚರಂಡಿ ಕಡ್ಡಾಯವಾಗಿ ಬೇಕು. ಇಲ್ಲದಿದ್ದರೆ ಮೇಲಿನ ಕೆಂಪು ಮಣ್ಣೆಲ್ಲ ಅಂಕಣಕ್ಕೆ ಇಳಿಯುತ್ತದೆ. ಒಂದು ಬದಿ ಕಡಿದು ಮತ್ತೊಂದು ಬದಿ ತುಂಬಿದ ನೆಲದಲ್ಲಿ ತುಂಬಿದ ಭಾಗ ಮೊದಲ ಮಳೆಗೇ ಕುಸಿಯುತ್ತದೆ. ಆದ್ದರಿಂದ ತೆಳುವಾದ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿಸಬೇಕು. ಸಾಧ್ಯವಾದರೆ ಒಂದು ಮಳೆಗಾಲ ಕಳೆದ ಮೇಲೆ ಮೇಲ್ಪದರ ಹಾಕಿಸುವುದು ಲೇಸು. ಉದ್ಘಾಟನೆ ಒಂದು ವರ್ಷ ತಡವಾದರೆ ನಷ್ಟವೇನಿಲ್ಲ. ಅಂದಾಜುಪಟ್ಟಿಗೂ ಮೊದಲು ಶಾಲೆಯ ಜಾಗದ ಪಹಣಿ ನೋಡಿಕೊಳ್ಳಬೇಕು. ಜಾಗ ಅರಣ್ಯವೆಂದು ದಾಖಲಾಗಿದ್ದರೆ ಕಾಮಗಾರಿ ಅರ್ಧಕ್ಕೇ ನಿಲ್ಲುತ್ತದೆ.

ಅಲ್ಲಿಯವರೆಗೆ ಸಮುದಾಯ ಭವನಗಳಿವೆ. ಆಷಾಢದಲ್ಲಿ ಮದುವೆಗಳಿಲ್ಲದೆ ಅವು ಬೀಗ ಹಾಕಿಕೊಂಡಿರುವುದೂ ಮಕ್ಕಳಿಗೆ ಸೂರು ಬೇಕಾಗಿರುವುದೂ ಒಂದೇ ತಿಂಗಳಲ್ಲಿ. ಶಾಲೆಗೆ ಹತ್ತಿರವಿರುವ ಭವನವನ್ನು ವಾರದಲ್ಲಿ ಮೂರು ಮಧ್ಯಾಹ್ನ ಬಾಡಿಗೆಯಿಲ್ಲದೆ ಕೊಡಲು ಸಾಮಾನ್ಯ ಸಭೆಯ ಒಂದು ತೀರ್ಮಾನ ಸಾಕು.

ಶೌಚಾಲಯದ ಕುರಿತು ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಿನ ದಿನಗಳಲ್ಲಿ ನೀರಿಲ್ಲದ, ಚಿಲಕವಿಲ್ಲದ ಶೌಚಾಲಯವಿರುವ ಕಡೆಗೆ ಪಂದ್ಯಕ್ಕೆ ಹೋಗಲು ಬಾಲಕಿ ಒಪ್ಪುವುದಿಲ್ಲ; ಕಾರಣ ಕೇಳಿದರೆ ಹೊಟ್ಟೆನೋವು ಎನ್ನುತ್ತಾಳೆ. ಕ್ರೀಡಾಕೂಟ ನಡೆಯುವ ಊರಿನ ಪಂಚಾಯಿತಿಯು ಹಿಂದಿನ ವಾರವೇ ನೀರು, ಬಾಗಿಲು, ಪ್ಯಾಡ್ ಹಾಕುವ ಮುಚ್ಚಳದ ಬುಟ್ಟಿ ಮತ್ತು ಬಟ್ಟೆ ಬದಲಿಸುವ ಕೋಣೆಯನ್ನು ಪರಿಶೀಲಿಸಬೇಕು. ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದ ಭಾಗ ಇಂಥ ಕೆಲಸಕ್ಕೇ ಇದೆ. ರಕ್ತಹೀನತೆಯೂ ಇದರೊಂದಿಗೆ ಸೇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ, ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಎರಡು ಸುತ್ತು ಓಡಿ ಕುಳಿತುಬಿಡುವ ಹುಡುಗಿಯನ್ನು ಸೋಮಾರಿ ಎನ್ನುವ ಮುನ್ನ, ವಾರದ ಕಬ್ಬಿಣಾಂಶದ ಮಾತ್ರೆ ಅವಳ ಶಾಲೆಗೆ ತಲುಪಿದೆಯೇ ಎಂದು ವಿಚಾರಿಸಬೇಕು.

ಅವಕಾಶ ದೊರೆತಲ್ಲಿ ಫಲ ಹೇಗಿರುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಶೃಂಗೇರಿಯಿಂದ ಘಟ್ಟ ಇಳಿದರೆ ಸಿಗುವ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ಕಬಡ್ಡಿ ತಂಡದಲ್ಲಿದ್ದರು. 2014ರ ಅರ್ಜುನ ಪ್ರಶಸ್ತಿಯೂ ಅವರಿಗೆ ದೊರೆಯಿತು. ಅಲ್ಲಿಯೂ ಮಳೆ ಇಲ್ಲಿಯಂತೆಯೇ ಸುರಿಯುತ್ತದೆ. ಈ ಜಿಲ್ಲೆಯದೇ ಆದ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ ಆಡಿದ ಕ್ರಿಕೆಟ್ ತಂಡದಲ್ಲಿದ್ದರು, ಆದರೆ ತರಬೇತಿಗಾಗಿ ಅವರು ಚಿಕ್ಕಂದಿನಲ್ಲೇ ಬೆಂಗಳೂರು ಸೇರಬೇಕಾಯಿತು. ಹಾಗೆ ಮಗಳನ್ನು ಕಳಿಸಬಲ್ಲ ಮನೆಗಳು ಎಷ್ಟಿವೆ?

ಶಿಕ್ಷಣ ಮತ್ತು ಆರೋಗ್ಯ ಎರಡೂ ಸೌಕರ್ಯಗಳ ಸ್ಥಾಯಿ ಸಮಿತಿಯ ಹೊಣೆಯಾಗಿರುವುದರಿಂದ ಈ ವಿಷಯವನ್ನು ಅಲ್ಲಿಂದಲೇ ಆರಂಭಿಸುವುದು ಸೂಕ್ತ. ಮಕ್ಕಳ ಗ್ರಾಮಸಭೆಯಲ್ಲಿ ಬಾಲಕಿಯರಿಗೆ ಪ್ರತ್ಯೇಕವಾಗಿ ಮಾತನಾಡಲು ಸಮಯವಿಟ್ಟು ಮಹಿಳಾ ಸದಸ್ಯರೇ ಆಲಿಸಿದರೆ ಹೊಟ್ಟೆನೋವಿನ ನಿಜ ಕಾರಣ ಹೊರಬರಬಹುದು. ಅದಕ್ಕೂ ಮೊದಲು ಪ್ರತಿ ಪ್ರೌಢಶಾಲೆಯಿಂದ ಕಳೆದ ಐದು ವರ್ಷಗಳ ಕ್ರೀಡಾಕೂಟದ ಪಟ್ಟಿಗಳನ್ನು ತರಿಸಿಕೊಳ್ಳಬೇಕು. ಎಂಟನೇ ತರಗತಿಯಲ್ಲಿ ಹೆಸರಿದ್ದು ಹತ್ತನೇ ತರಗತಿಯಲ್ಲಿ ಇಲ್ಲದ ಬಾಲಕಿಯರು ಯಾವ ಬಸ್ಸಿನಲ್ಲಿ, ಯಾವ ನಿಲ್ದಾಣದಲ್ಲಿ ಇಳಿಯುತ್ತಾರೆಂಬುದನ್ನು ಅದರ ಪಕ್ಕದಲ್ಲಿ ಬರೆಸಿ, ಮುಂದಿನ ಜೂನ್‌ಗೆ ಮುಂಚಿನ ಸಮಿತಿ ಸಭೆಯಲ್ಲಿ ಮಂಡಿಸಬಹುದು.